ಇಟ್ಟಿಗೆ ಒಡೆದ ಮೇಲೆ ಮಾರಿಯೊ ಎತ್ತ ಹೋಗುತ್ತಾನೆ?

ಅಣಬೆ ಹಿಡಿದು ದೊಡ್ಡವನಾದ ಮಾರಿಯೊ ನೆಲದಿಂದ ಚಿಮ್ಮಿ ತಲೆಯ ಮೇಲಿನ ಇಟ್ಟಿಗೆಯನ್ನು ಗುದ್ದುತ್ತಾನೆ. ಇಟ್ಟಿಗೆ ಚೂರುಚೂರಾಗಿ ಸಿಡಿಯುತ್ತದೆ. ನಿಂಟೆಂಡೊ ಕಂಪನಿಯ 1985ರ ಮೂಲ ‘ಸೂಪರ್ ಮಾರಿಯೊ ಬ್ರದರ್ಸ್’ ವಿಡಿಯೊ ಗೇಮ್‌ನಲ್ಲಿ ಅವನು ಆ ಕ್ಷಣವೇ ಕೆಳಕ್ಕೆ ಇಳಿಯತೊಡಗುತ್ತಾನೆ. ಹಳೆಯ ಮಾರಿಯೊ ಆಟಗಳನ್ನು ಒಟ್ಟುಗೂಡಿಸಿದ 1993ರ ‘ಸೂಪರ್ ಮಾರಿಯೊ ಆಲ್-ಸ್ಟಾರ್ಸ್’ ಸಂಕಲನದಲ್ಲಿ ಇಟ್ಟಿಗೆ ಇದ್ದ ಜಾಗವನ್ನು ತೂರಿಕೊಂಡು ಇನ್ನೂ ಮೇಲೇರುತ್ತಾನೆ. ಕಣ್ಣು ಮಿಟುಕಿಸುವಷ್ಟರ ವ್ಯತ್ಯಾಸ ಅದು. ಆದರೆ ಮೂಲ ಆಟವನ್ನು ಬೆರಳಲ್ಲಿ ಇಟ್ಟುಕೊಂಡವರಿಗೆ ಆ ಕ್ಷಣದಲ್ಲಿ ಎಲ್ಲವೂ ತಪ್ಪುತ್ತದೆ. ಕೆಳಗೆ ಇರಬೇಕಾದವನು ಮೇಲಿರುತ್ತಾನೆ, ಎದುರು ಬರುವ ಆಮೆಯ ಲೆಕ್ಕ ಕೆಡುತ್ತದೆ.

ಈಚೆಗೆ ಆ ಸಂಕಲನವನ್ನು ಮತ್ತೆ ಮೊದಲಿನಿಂದ ಆಡಿದಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಚಿತ್ರ ಚೆನ್ನಾಗಿದೆ, ಸಂಗೀತ ತುಂಬಿದೆ, ಆಟ ಮಾತ್ರ ಒಂದೆಳೆ ಬೇರೆ. ಹಳೆಯ ಆಟಕ್ಕೆ ಹೊಸ ಬಟ್ಟೆ ತೊಡಿಸುವಾಗ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂಬ ಪ್ರಶ್ನೆ ಮೂವತ್ತು ವರ್ಷಗಳಿಂದ ಹಾಗೆಯೇ ಉಳಿದಿದೆ.

ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅವರ ತಂಡ ಮೊದಲ ಮಾರಿಯೊ ಆಟವನ್ನು ನಲವತ್ತು ಕಿಲೋಬೈಟ್‌ನಷ್ಟು ಜಾಗದಲ್ಲಿ ಕೂರಿಸಿತು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಫೋಟೊಗೂ ಅದು ಸಾಲದು. ಅದರಲ್ಲೇ ಎಂಟು ಲೋಕ, ಮೂವತ್ತೆರಡು ಹಂತ, ಕೋಜಿ ಕೊಂಡೊ ಅವರ ಸಂಗೀತ. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರ ಬಳಸಿ ಬಣ್ಣವನ್ನಷ್ಟೇ ಬದಲಿಸಿದರು. ವರ್ಷಗಟ್ಟಲೆ ಆಡಿದವರೂ ಇದನ್ನು ಗಮನಿಸಿರುವುದಿಲ್ಲ. ಒಮ್ಮೆ ಕಂಡರೆ ಮತ್ತೆ ಮರೆಯಲಾಗುವುದಿಲ್ಲ.

ಕರ್ನಾಟಕದ ನನ್ನ ವಯಸ್ಸಿನ ಹಲವರು ಈ ಆಟವನ್ನು ಕಂಡದ್ದು ನಿಂಟೆಂಡೊದ ಅಸಲಿ ಪೆಟ್ಟಿಗೆಯಲ್ಲಿ ಅಲ್ಲ. ಬೇಸಿಗೆ ರಜೆಯಲ್ಲಿ ಟಿವಿಯ ಆಂಟೆನಾ ವೈರನ್ನು ಕಿತ್ತು ಜೋಡಿಸುತ್ತಿದ್ದ ಅಗ್ಗದ ‘ಟಿವಿ ಗೇಮ್’, ಅದಕ್ಕೆ ಸಿಕ್ಕಿಸುವ ಹಳದಿ ಕ್ಯಾಸೆಟ್, ಅದರ ಮೇಲೆ ‘999999 ಇನ್ 1’ ಎಂಬ ಬರಹ. ಒಳಗಿದ್ದದ್ದು ನಿಂಟೆಂಡೊ ಜಪಾನಿನಲ್ಲಿ ಮಾರುತ್ತಿದ್ದ ಫ್ಯಾಮಿಕಾಮ್ ಯಂತ್ರದ ನಕಲು. ನಕಲು ಎಂದರೂ ಅದರಲ್ಲಿ ಓಡುತ್ತಿದ್ದದ್ದು ಮೂಲ ಆಟವೇ. ಆದ್ದರಿಂದಲೇ ಮೂಲದ ಜಿಗಿತ, ಮೂಲದ ಜಾರಿಕೆ ನಮ್ಮ ಕೈಗೆ ಅಂಟಿತು. ಆಡಿದಷ್ಟನ್ನು ಉಳಿಸಿಡುವ ವ್ಯವಸ್ಥೆ ಆ ಆಟದಲ್ಲಿರಲಿಲ್ಲ. ಏಳನೆಯ ಲೋಕದಲ್ಲಿದ್ದಾಗ ಕರೆಂಟ್ ಹೋದರೆ ಮತ್ತೆ 1-1, ಅಂದರೆ ಮೊದಲ ಲೋಕದ ಮೊದಲ ಹಂತ.

ಆಲ್-ಸ್ಟಾರ್ಸ್ ಬದಲಿಸಿದ ಮೊದಲ ಸಂಗತಿಯೇ ಇದು. ಹದಿನಾರು ಬಿಟ್‌ನ ಸೂಪರ್ ನಿಂಟೆಂಡೊ ಎಂಬ ಹೊಸ ಯಂತ್ರಕ್ಕಾಗಿ ನಾಲ್ಕು ಹಳೆಯ ಆಟಗಳನ್ನು ಹೊಸದಾಗಿ ಚಿತ್ರಿಸಿ, ಬ್ಯಾಟರಿಯ ನೆರವಿನಿಂದ ಆಡಿದ್ದನ್ನು ಉಳಿಸಿಡುವ ಸೌಲಭ್ಯ ಕೊಟ್ಟರು. ಮೋಡ ಮೋಡವಾಯಿತು, ಪೊದೆ ಪೊದೆಯಾಯಿತು, ಹಿನ್ನೆಲೆಯಲ್ಲಿ ಗುಡ್ಡಗಳು ನಿಧಾನವಾಗಿ ಸರಿಯತೊಡಗಿದವು.

ಆ ನಾಲ್ಕರಲ್ಲಿ ಎರಡರ ಕಥೆ ಸ್ವಾರಸ್ಯಕರ. ಜಪಾನಿನಲ್ಲಿ 1986ರಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್ 2’ ವಿಷದ ಅಣಬೆ, ಹಠಾತ್ ಬೀಸುವ ಗಾಳಿ, ಹಿಂದಿನ ಲೋಕಕ್ಕೆ ತಳ್ಳುವ ಮೋಸದ ದಾರಿಗಳಿಂದ ಕೂಡಿತ್ತು. ಇದು ತೀರಾ ಕಠಿಣ ಎಂದು ನಿಂಟೆಂಡೊದ ಅಮೆರಿಕ ಶಾಖೆ ಅದನ್ನು ಬೇಡವೆಂದಿತು. ಬದಲಿಗೆ ಫ್ಯೂಜಿ ಟಿವಿಯ 1987ರ ಉತ್ಸವಕ್ಕಾಗಿ ಮಾಡಿದ್ದ ‘ಯುಮೆ ಕೋಜೊ: ಡೋಕಿ ಡೋಕಿ ಪ್ಯಾನಿಕ್’ ಎಂಬ ಬೇರೆಯೇ ಆಟವನ್ನು ತೆಗೆದುಕೊಂಡು, ಅದರ ಪಾತ್ರಗಳ ಜಾಗದಲ್ಲಿ ಮಾರಿಯೊ, ಲುಯಿಜಿ, ಟೋಡ್, ರಾಜಕುಮಾರಿಯನ್ನು ಕೂರಿಸಿದರು. ಗಡ್ಡೆಗಳನ್ನು ಕಿತ್ತು ಶತ್ರುಗಳತ್ತ ಎಸೆಯುವ ಆ ಆಟ 1988ರಲ್ಲಿ ಅಮೆರಿಕದ ‘ಮಾರಿಯೊ 2’ ಆಯಿತು. ಜಪಾನಿನ ನಿಜವಾದ ಎರಡನೆಯ ಭಾಗ ‘ದಿ ಲಾಸ್ಟ್ ಲೆವೆಲ್ಸ್’ ಎಂಬ ಹೆಸರಿನಲ್ಲಿ ಅಮೆರಿಕದವರಿಗೆ ಸಿಕ್ಕಿದ್ದು ಏಳು ವರ್ಷಗಳ ನಂತರ, ಈ ಸಂಕಲನದ ಮೂಲಕ. ಕೈತಪ್ಪಿದ ಆಟವೊಂದನ್ನು ಜನರಿಗೆ ತಲುಪಿಸಿದ್ದಕ್ಕಾಗಿಯೇ ನಾನು ಆಲ್-ಸ್ಟಾರ್ಸ್‌ಗೆ ಋಣಿ.

ಆದರೆ ಅದೇ ಸಂಕಲನ ಇನ್ನೊಂದನ್ನು ಅಳಿಸಿತು. ಮೂಲ ಆಟದ 1-2ರ ಕೊನೆಯಲ್ಲಿ ಸರಿಯಾದ ಜಾಗದಲ್ಲಿ ಜಿಗಿದರೆ ಮಾರಿಯೊ ಗೋಡೆಯೊಳಗೆ ನುಸುಳಿ ಹೋಗಿ, ಕೊನೆಯೇ ಇಲ್ಲದ ಒಂದು ನೀರಿನ ಹಂತ ತಲುಪುತ್ತಾನೆ. ಪರದೆಯ ಮೇಲೆ ಲೋಕದ ಅಂಕಿಯ ಜಾಗ ಖಾಲಿ, ಪಕ್ಕದಲ್ಲಿ ‘-1’. ವಾಸ್ತವದಲ್ಲಿ ಅದು 36ನೆಯ ಲೋಕ. ಆ ಸಂಖ್ಯೆಗೆ ಸಿಕ್ಕುವ ಚಿತ್ರ ಖಾಲಿ ಚೌಕವಾದ್ದರಿಂದ ಮೈನಸ್ ಒಂದು ಎಂದು ಕಾಣುತ್ತದೆ. ಬೇಕೆಂದು ಯಾರೂ ಕಟ್ಟದ ಲೋಕ ಅದು, ಮಕ್ಕಳು ಪಿಸುಮಾತಿನಲ್ಲಿ ಹಂಚಿಕೊಂಡ ಗುಟ್ಟು. ಆಲ್-ಸ್ಟಾರ್ಸ್‌ನಲ್ಲಿ ಅಲ್ಲಿಗೆ ದಾರಿ ಇಲ್ಲ. ದೋಷವನ್ನು ತಿದ್ದಿದವರನ್ನು ದೂರುವುದು ಕಷ್ಟ. ಆದರೂ ಒಂದು ದೋಷ ಮುಚ್ಚಿ, ಇಟ್ಟಿಗೆಯ ಬಳಿ ಹೊಸದೊಂದನ್ನು ತಂದಿಟ್ಟರು ಎಂಬುದನ್ನು ಹೇಳದೆ ಇರಲಾರೆ.

2010ರಲ್ಲಿ ಮಾರಿಯೊ ಆಟದ 25ನೆಯ ವರ್ಷಕ್ಕೆಂದು ನಿಂಟೆಂಡೊದ ವೀ ಯಂತ್ರಕ್ಕೆ ಇದೇ ಸಂಕಲನ ಬಂದಾಗ 1993ರ ಆಟವನ್ನೇ ಹಾಗೆಯೇ ಡಿಸ್ಕಿಗೆ ಹಾಕಿ, ಜೊತೆಗೊಂದು ಕಿರುಪುಸ್ತಕ ಮತ್ತು ಸಂಗೀತದ ಸಿಡಿ ಇಟ್ಟರು. ಸಂಕಲನಗಳ ಇತಿಹಾಸದಲ್ಲಿ ಅದು ಸೋಮಾರಿತನ ಮಾತ್ರ. ಅದಕ್ಕಿಂತ ನೋವಿನ ಸಂಗತಿ 2022ರಲ್ಲಿ ಇನ್ನೊಂದು ಗೇಮ್ ಕಂಪನಿ ಸೆಗಾ ಮಾಡಿದ್ದು. ತನ್ನ ಹಳೆಯ ಸೋನಿಕ್ ಆಟಗಳ ಸಂಕಲನ ‘ಸೋನಿಕ್ ಒರಿಜಿನ್ಸ್’ ಬಿಡುಗಡೆಗೆ ತಿಂಗಳ ಮೊದಲು, ಬಿಡಿಯಾಗಿ ಸಿಗುತ್ತಿದ್ದ ಅದೇ ಆಟಗಳನ್ನು ಹಲವು ಆನ್‌ಲೈನ್ ಅಂಗಡಿಗಳಿಂದ ಹಿಂತೆಗೆದುಕೊಂಡರು. ಹೊಸ ಸಂಕಲನದ ‘ಸೋನಿಕ್ 3’ರಲ್ಲಿ ಕೆಲವು ಹಂತಗಳ ಸಂಗೀತವೇ ಬೇರೆ. ಐಸ್‌ಕ್ಯಾಪ್ ಎಂಬ ಹಂತದ ಹಿಮದಲ್ಲಿ ಜಾರುವಾಗ ಕೇಳುತ್ತಿದ್ದ ರಾಗ ಬೇಕೆಂದರೆ ಹಳೆಯ ಆಟವೇ ಬೇಕು, ಅದನ್ನೇ ಅಂಗಡಿಯಿಂದ ಇಳಿಸಿದ್ದರು. ಅಮೆರಿಕದಲ್ಲಿ 2010ಕ್ಕೂ ಮೊದಲು ಬಂದ ವಿಡಿಯೊ ಗೇಮ್‌ಗಳಲ್ಲಿ ಶೇಕಡ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು.

ನಿಂಟೆಂಡೊ ಈಗ ತನ್ನ ಸ್ವಿಚ್ ಯಂತ್ರದ ಆನ್‌ಲೈನ್ ಚಂದಾದಾರರಿಗೆ ಮೂಲ ಆಟಗಳನ್ನೂ ಆಲ್-ಸ್ಟಾರ್ಸ್ ಅನ್ನೂ ಕೊಡುತ್ತಿದೆ. ಎರಡೂ ಒಂದೇ ಪರದೆಯಲ್ಲಿ ಸಿಗುವುದರಿಂದ ನಾನು ಹಂತಕ್ಕೊಂದರಂತೆ ಅದಲುಬದಲು ಮಾಡಿ ಆಡಿದೆ. ಗಡ್ಡೆ ಎಸೆಯುವ ಆಟಕ್ಕೆ ಹೊಸ ಚಿತ್ರವೇ ಚೆಂದ, ಲಾಸ್ಟ್ ಲೆವೆಲ್ಸ್‌ನಲ್ಲಿ ಪ್ರತಿ ಹಂತದಿಂದಲೂ ಮುಂದುವರಿಯುವ ಅವಕಾಶವಿಲ್ಲದಿದ್ದರೆ ನಾನು ಮೂರನೆಯ ಲೋಕ ದಾಟುತ್ತಿರಲಿಲ್ಲ. ಮೊದಲ ಮಾರಿಯೊಗೆ ಮಾತ್ರ ಮೂಲಕ್ಕೇ ಮರಳಿದೆ. 1-2ರಲ್ಲಿ ಇಟ್ಟಿಗೆ ಗುದ್ದಿದೆ, ಅವನು ಕೆಳಗಿಳಿದ, ನನ್ನ ಹೆಬ್ಬೆರಳು ಮುಂದಿನ ಜಿಗಿತಕ್ಕೆ ಅಷ್ಟರಲ್ಲೇ ಗುಂಡಿ ಒತ್ತಿತ್ತು.