‘ರಂಗೀಲಾ’ ಓದು: ಮಿಲಿಯನ್ನು ಯಾರು ನೋಡುತ್ತಿದ್ದಾರೆ?

ಹಿಂದಿ ಸಿನಿಮಾ ಹಾಡುಗಳ ಪಾಠದಲ್ಲಿ ‘ರಂಗೀಲಾ’ ಬಂದಾಗ ಎಲ್ಲರೂ ಮೊದಲು ಬರೆಯುವುದು ಸಂಗೀತ ನಿರ್ದೇಶಕ ಎ.ಆರ್. ರೆಹಮಾನ್ ಹೆಸರು. ತಪ್ಪೇನಿಲ್ಲ. ಆದರೆ ಅಲ್ಲಿಗೇ ನಿಂತರೆ ಸಿನಿಮಾ ಕೈಗೆ ಸಿಗುವುದಿಲ್ಲ. ಈ ಟಿಪ್ಪಣಿಯಲ್ಲಿ ನಾನು ಹಿಡಿದಿರುವ ಎಳೆ ಒಂದೇ. ತಾರೆಯಾಗುವುದು ಅಂದರೆ ಯಾರದೋ ಕಣ್ಣಿಗೆ ಬೀಳುವುದು. ಈ ಸಿನಿಮಾದಲ್ಲಿ ನಾಯಕಿ ಮಿಲಿ ಯಾರ ಕಣ್ಣಿಗೆ, ಯಾವಾಗ, ಹೇಗೆ ಬೀಳುತ್ತಾಳೆ ಅನ್ನುವುದನ್ನು ಹಿಂಬಾಲಿಸಿದರೆ ಪ್ರೇಮಕಥೆಯೂ ಬಿಡಿಸಿಕೊಳ್ಳುತ್ತದೆ, ಹಾಡುಗಳೂ ಬಿಡಿಸಿಕೊಳ್ಳುತ್ತವೆ.

ಮೊದಲು ಬೇಕಾದಷ್ಟು ಹಿನ್ನೆಲೆ

ಬಿಡುಗಡೆ 1995ರ ಸೆಪ್ಟೆಂಬರ್ 8. ನಿರ್ದೇಶಕ ರಾಮ್ ಗೋಪಾಲ್ ವರ್ಮಾ. ಅದಕ್ಕೂ ಮುಂಚೆ 1989ರ ತೆಲುಗು ‘ಶಿವ’ದಿಂದ ಹೆಸರು ಮಾಡಿದ್ದವರು. ಹೊಡೆದಾಟ, ಭಯ, ಭೂಗತ ಜಗತ್ತು ಅಂತ ಹೊರಟಿದ್ದ ಮನುಷ್ಯ ಇದ್ದಕ್ಕಿದ್ದಂತೆ ಬಣ್ಣಬಣ್ಣದ ಸಂಗೀತಮಯ ಚಿತ್ರ ಮಾಡಿದ್ದು ಆಗ ಸುದ್ದಿ. ರೆಹಮಾನ್ ಅವರ ‘ರೋಜಾ’ ಹಾಡುಗಳು ಹಿಂದಿಗೆ ಡಬ್ ಆಗಿ ಆಗಲೇ ಮನೆಮನೆ ತಲುಪಿದ್ದವು. ಆದರೆ ಹಿಂದಿ ಚಿತ್ರಕ್ಕೆಂದೇ ಅವರು ಹೊಸದಾಗಿ ಸಂಗೀತ ಕೂಡಿಸಿದ್ದು ಇಲ್ಲೇ ಮೊದಲು. ಸಾಹಿತ್ಯ ಮೆಹಬೂಬ್ ಅವರದು.

ಊರ್ಮಿಳಾ ಮಾತೋಂಡ್ಕರ್ ಹೊಸಬರೇನಲ್ಲ. 1983ರ ‘ಮಾಸೂಮ್’ನಲ್ಲಿ ಬಾಲನಟಿ. ‘ನರಸಿಂಹ’, ‘ಚಮತ್ಕಾರ್’ ಎಲ್ಲ ಆಗಿತ್ತು. ಅಂದರೆ ಪರದೆಯ ಮೇಲೆ ಇದ್ದರು, ಜನ ನೋಡಿಯೂ ಇದ್ದರು, ಆದರೆ ತಾರೆ ಅಂತ ಯಾರೂ ಕರೆದಿರಲಿಲ್ಲ. ಮಿಲಿಯ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇಕಾ?

ಕಥೆ ಎರಡು ಸಾಲಲ್ಲಿ ಮುಗಿಯುತ್ತದೆ. ಮಿಲಿ ಜೋಶಿ ಮುಂಬೈನ ಮಧ್ಯಮ ವರ್ಗದ ಹುಡುಗಿ, ಸಿನಿಮಾಗಳಲ್ಲಿ ಗ್ರೂಪ್ ಡ್ಯಾನ್ಸರ್. ಗೆಳೆಯ ಮುನ್ನಾ (ಆಮಿರ್ ಖಾನ್) ಥಿಯೇಟರ್ ಮುಂದೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವವನು. ದೊಡ್ಡ ನಟ ರಾಜ್ ಕಮಲ್ (ಜಾಕಿ ಶ್ರಾಫ್) ಅವಳನ್ನು ಗಮನಿಸುತ್ತಾನೆ. ಒಂದು ಚಿತ್ರದ ನಾಯಕಿ ಬಿಟ್ಟುಹೋದಾಗ ಆ ಜಾಗಕ್ಕೆ ಮಿಲಿಯ ಹೆಸರು ಹೇಳುತ್ತಾನೆ. ಇಬ್ಬರಿಗೂ ಅವಳ ಮೇಲೆ ಪ್ರೀತಿ. ಉತ್ತರ ಬರೆಯುವಾಗ ಇಷ್ಟು ಸಾಕು. ಕಥೆ ಹೇಳುವುದಕ್ಕೇ ಒಂದು ಪುಟ ಸುರಿಯಬೇಡಿ.

‘ರಂಗೀಲಾ ರೇ’: ಇನ್ನೂ ಯಾರೂ ನೋಡದ ಹುಡುಗಿ

ಶೀರ್ಷಿಕೆಯ ಭಾಗವನ್ನು ಹಾರಿಸಿ ಮುಂದೆ ಹೋಗಬೇಡಿ. ಹೆಸರುಗಳ ಜೊತೆ ಹಿಂದಿ ಚಿತ್ರರಂಗದ ತಾರೆಯರ ಫೋಟೋಗಳು ಬರುತ್ತವೆ, ಹಿಂದೆ ಊರಿನ ಗದ್ದಲ. ಆಮೇಲೆ ಹಾಡು ಶುರು. ಆ ಹಾಡಿನಲ್ಲಿ ಬರುವ ಆಸೆ ಏನು ಗೊತ್ತಾ? ಇಷ್ಟೊಂದು ಮುಖಗಳ ನಡುವೆ ನನ್ನ ಮುಖಕ್ಕೂ ಒಂದು ಗುರುತು ಬೇಕು, ದೊಡ್ಡ ದೊಡ್ಡ ಹೆಸರುಗಳ ನಡುವೆ ನನ್ನದೂ ಒಂದು ಇರಬೇಕು. ಮೊದಲು ಮುಖಗಳನ್ನು ತೋರಿಸಿ, ಆಮೇಲೆ ಆ ಮುಖಗಳ ಸಾಲಿಗೆ ಸೇರಬೇಕೆಂದು ಹಾಡಿಸುತ್ತಾರೆ. ಸಿನಿಮಾದ ಇಡೀ ವಾದ ಇಲ್ಲಿಯೇ ಇಟ್ಟಾಗಿದೆ.

ಗ್ರೂಪ್ ಡ್ಯಾನ್ಸರ್ ಕೆಲಸ ಏನು ಯೋಚಿಸಿ. ಕ್ಯಾಮೆರಾ ಮುಂದೆ ದಿನವಿಡೀ ಕುಣಿಯಬೇಕು, ಆದರೆ ಕ್ಯಾಮೆರಾ ನೋಡುವುದು ಮುಂದೆ ನಿಂತ ನಾಯಕಿಯನ್ನು. ಈ ಹಾಡಿನಲ್ಲಿ ಅದು ತಿರುಗುಮುರುಗು. ಮಿಲಿ ಮುಂದೆ, ಗುಂಪು ಹಿಂದೆ. ಸೆಟ್‌ನಲ್ಲಿ ಸಿಗದ ಜಾಗವನ್ನು ಅವಳು ಕಲ್ಪನೆಯಲ್ಲಿ ಬೀದಿಯಲ್ಲೇ ಪಡೆದುಕೊಳ್ಳುತ್ತಾಳೆ. ನೃತ್ಯ ನಿರ್ದೇಶಕ ಅಹ್ಮದ್ ಖಾನ್ ಆಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ‘ಮಿಸ್ಟರ್ ಇಂಡಿಯಾ’ದ ಮಕ್ಕಳ ಗುಂಪಿನಲ್ಲಿ ಇದ್ದವರು. ಗುಂಪಿನಿಂದ ಮುಂದೆ ಬರುವುದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಹಾಡಿಗೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಹಾಡಿದ್ದು ಆಶಾ ಭೋಸ್ಲೆ, ಜೊತೆಗೆ ಗಾಯಕ ಉದಿತ್ ನಾರಾಯಣ್ ಮಗ, ಪುಟ್ಟ ಆದಿತ್ಯ. ಸಿನಿಮಾ ಬಿಡುಗಡೆಯಾದ ದಿನವೇ ಆಶಾ ಅವರ 62ನೇ ಹುಟ್ಟುಹಬ್ಬ. ಆ ವಯಸ್ಸಿನ ದನಿ ಇಪ್ಪತ್ತರ ಹುಡುಗಿಯ ಬಾಯಲ್ಲಿ ಒಂದು ಚೂರೂ ಅಸಹಜ ಅನ್ನಿಸುವುದಿಲ್ಲ. ಪರೀಕ್ಷೆಗೆ ಇದು ಬೇಕಿಲ್ಲ. ಸುಮ್ನೆ ಹೇಳಿದೆ.

ಐದು ದನಿಯ ನಾಯಕಿ, ಒಂದೇ ದನಿಯ ಟಪೋರಿ

ಕ್ಯಾಸೆಟ್ಟಿನ ಹಿಂಬದಿಯ ಗಾಯಕರ ಪಟ್ಟಿ ನೋಡಿ. ಹೆಣ್ಣು ದನಿ ‘ರಂಗೀಲಾ ರೇ’ ಮತ್ತು ‘ತನ್ಹಾ ತನ್ಹಾ’ಗಳಲ್ಲಿ ಆಶಾ, ‘ಯಾರೋ ಸುನ್ ಲೋ ಜರಾ’ದಲ್ಲಿ ಚಿತ್ರಾ, ‘ಹಾಯ್ ರಾಮಾ’ದಲ್ಲಿ ಸ್ವರ್ಣಲತಾ, ‘ಪ್ಯಾರ್ ಯೇ ಜಾನೇ ಕೈಸಾ’ದಲ್ಲಿ ಕವಿತಾ ಕೃಷ್ಣಮೂರ್ತಿ, ‘ಮಾಂಗ್ತಾ ಹೈ ಕ್ಯಾ’ದಲ್ಲಿ ಶ್ವೇತಾ ಶೆಟ್ಟಿ. ಒಬ್ಬ ನಾಯಕಿಗೆ ಐದು ಜನ! ಮುನ್ನಾನ ಮನಸ್ಸು ಬಿಚ್ಚುವ ಎರಡು ಹಾಡುಗಳು, ‘ಯಾರೋ ಸುನ್ ಲೋ ಜರಾ’ ಮತ್ತು ‘ಕ್ಯಾ ಕರೇ ಕ್ಯಾ ನ ಕರೇ’. ಎರಡಕ್ಕೂ ಉದಿತ್ ನಾರಾಯಣ್.

ಒಂದು ಚಿತ್ರದಲ್ಲಿ ಒಬ್ಬ ನಟಿಗೆ ಒಬ್ಬಿಬ್ಬರು ಗಾಯಕಿಯರೇ ಹಾಡುವುದು ಹಿಂದಿಯಲ್ಲಿ ಸಾಮಾನ್ಯವಾಗಿತ್ತು. ರೆಹಮಾನ್ ಅದಕ್ಕೆ ಕಟ್ಟುಬೀಳದೆ ಹಾಡಿಗೆ ತಕ್ಕ ದನಿ ಆರಿಸುತ್ತಿದ್ದರು. ಆದ್ದರಿಂದ ಇದೆಲ್ಲ ಲೆಕ್ಕ ಹಾಕಿ ಮಾಡಿದ್ದು ಅಂತ ನಾನು ವಾದಿಸುವುದಿಲ್ಲ. ಆದರೆ ಪರದೆಯ ಮೇಲೆ ಅದರ ಪರಿಣಾಮ ನೋಡಿ. ನೋಡುವವರು ಬದಲಾದಂತೆ ಮಿಲಿಯ ದನಿಯೂ ಬದಲಾಗುತ್ತದೆ. ಟಪೋರಿ, ಅಂದರೆ ಮುಂಬೈನ ಬೀದಿ ಹುಡುಗ ಮುನ್ನಾ ಮಾತ್ರ ಎಲ್ಲಿ ಹೋದರೂ ಅದೇ ಮುನ್ನಾ, ಅದೇ ‘ಅಪುನ್’ (ಬೀದಿ ಹಿಂದಿಯಲ್ಲಿ ‘ನಾನು’). ಬದುಕಿದರೆ ನನ್ನ ಥರ ಬದುಕಬೇಕು ಅಂತ ಹಾಡುವವನು ಅವನು. ಚಿತ್ರಾ, ಸ್ವರ್ಣಲತಾ ನಮಗೆ ಕನ್ನಡ ಹಾಡುಗಳಿಂದಲೂ ಪರಿಚಯದ ದನಿಗಳು. ಹಾಗಾಗಿ ಈ ವ್ಯತ್ಯಾಸ ಕಿವಿಗೆ ಬೇಗ ಗೊತ್ತಾಗುತ್ತದೆ.

‘ಹಾಯ್ ರಾಮಾ’ಗೆ ಒಂದು ಪ್ಯಾರಾ ಬೇರೆಯೇ ಬೇಕು. ಆಧಾರ ಪೂರಿಯಾ ಧನಾಶ್ರೀ ರಾಗ. ನಮ್ಮ ಕರ್ನಾಟಕ ಸಂಗೀತದ ಕಡೆಯವರಿಗೆ ಅದೇ ಸ್ವರಗಳು ಕಾಮವರ್ಧಿನಿಯಲ್ಲಿ ಸಿಗುತ್ತವೆ. ಹಿಂದೂಸ್ತಾನಿಯಲ್ಲಿ ಇದು ಮುಸ್ಸಂಜೆ ಹೊತ್ತಿನ ರಾಗ. ಕೋಮಲ ರಿಷಭ, ತೀವ್ರ ಮಧ್ಯಮ, ಕೋಮಲ ಧೈವತ ಮೂರೂ ಸೇರಿ ಒಂದು ತವಕ ಹುಟ್ಟಿಸುತ್ತವೆ. ಎಲ್ಲಿಯೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ. ಅಂಥ ಗಂಭೀರ ರಾಗವನ್ನು ತಂದು ದೇಹದ ಆಸೆಯ ಹಾಡಿಗೆ ಹಾಕಿದ್ದಾರೆ. ಜೊತೆಗೆ ಹಾಡಿರುವ ಹರಿಹರನ್ ಮೇಲಿನ ಸ್ವರಕ್ಕೆ ಏರಿದಾಗ ಸ್ವರ್ಣಲತಾ ದನಿ ತಗ್ಗಿ, ಹತ್ತಿರ ಬಂದು ಹಾಡಿದಂತೆ ಕೇಳಿಸುತ್ತದೆ. ಒಂದು ಸಲ ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ದನಿ ತೆಗೆದು ನೋಡಿ. ಎರಡು ಬೇರೆ ಬೇರೆ ಹಾಡು ಅನ್ನಿಸುತ್ತದೆ. ನನ್ನ ಮಟ್ಟಿಗೆ ಕೇಳುವ ಹಾಡೇ ಮೇಲು.

ಹಳದಿ ಬಟ್ಟೆ

ಈ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವ ಹಾಸ್ಯದೃಶ್ಯ ಐದು ನಕ್ಷತ್ರದ ಹೋಟೆಲಿನದು. ಮುನ್ನಾ ತಲೆಯಿಂದ ಕಾಲಿನವರೆಗೆ ಕಣ್ಣಿಗೆ ರಾಚುವ ಹಳದಿ ಬಟ್ಟೆ ಹಾಕಿಕೊಂಡು ಮಿಲಿಯನ್ನು ಕರೆದುಕೊಂಡು ಹೋಗುತ್ತಾನೆ. ಏಸಿಯನ್ನು ತನ್ನ ಕಡೆ ತಿರುಗಿಸು ಅಂತ ವೇಟರ್‌ಗೆ ಹೇಳುತ್ತಾನೆ, ಮನೆಯ ಟೇಬಲ್ ಫ್ಯಾನ್ ತಿರುಗಿಸಲು ಹೇಳಿದ ಹಾಗೆ. ನಗು ಬಂದೇ ಬರುತ್ತದೆ.

ಆದರೆ ಇಲ್ಲಿ ಬಟ್ಟೆಯನ್ನು ಗಮನಿಸಿ. ಊರ್ಮಿಳಾ ಉಡುಪು ಮನೀಶ್ ಮಲ್ಹೋತ್ರಾ ವಿನ್ಯಾಸ, ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಪಾತ್ರದ ಗುಣ, ಹಾಡಿನ ಬಣ್ಣ ಎಲ್ಲ ನೋಡಿ ನಾಯಕಿಯ ಬಟ್ಟೆ ಯೋಚಿಸುವ ಕೆಲಸ ಈ ಚಿತ್ರದಿಂದ ಜಾಸ್ತಿ ಚರ್ಚೆಗೆ ಬಂತು. ಕಥೆಯೊಳಗೂ ಹಾಗೆಯೇ. ಹೊಸ ಬಟ್ಟೆ ತೊಟ್ಟಾಗಲೆಲ್ಲ ಮಿಲಿ ತಾರೆಯಾಗುತ್ತಾ ಹೋಗುತ್ತಾಳೆ. ಮುನ್ನಾ ಒಂದೇ ಒಂದು ಸಲ ವೇಷ ಬದಲಿಸುತ್ತಾನೆ, ನಗೆಪಾಟಲಾಗುತ್ತಾನೆ. ಅವನಿಗೂ ಅವಳ ಕಣ್ಣಿಗೆ ಬೀಳುವ ಆಸೆ, ಅದಕ್ಕೇ ಆ ಹಳದಿ. ಬಟ್ಟೆ ಬದಲಿಸಿದರೆ ಮನುಷ್ಯ ಬದಲಾಗುತ್ತಾನೆ ಅನ್ನುವ ಸಿನಿಮಾದ ಮಾಯೆ ಒಬ್ಬಳಿಗೆ ಒಲಿಯುತ್ತದೆ, ಇನ್ನೊಬ್ಬನಿಗೆ ಒಲಿಯುವುದಿಲ್ಲ. ಹಾಸ್ಯದ ಒಳಗೆ ವರ್ಗದ ಗೆರೆ ಎಳೆದಿದ್ದಾರೆ. ನೀರಜ್ ವೋರಾ ಮತ್ತು ಸಂಜಯ್ ಛೇಲ್ ಬರೆದ ಸಂಭಾಷಣೆಯಲ್ಲಿ ಈ ಗೆರೆ ಬಾಯಿಬಿಟ್ಟು ಹೇಳದೆಯೇ ಕಾಣುತ್ತದೆ.

ಮುನ್ನಾನ ಉದ್ಯೋಗವನ್ನೂ ಹಾಗೇ ಬಿಡಬೇಡಿ. ಭಾರತದಲ್ಲಿ ಮೊದಲ ಮಲ್ಟಿಪ್ಲೆಕ್ಸ್ ತೆರೆದದ್ದು 1997ರಲ್ಲಿ, ದೆಹಲಿಯ ಸಾಕೇತ್‌ನಲ್ಲಿ. 1995ರಲ್ಲಿ ಹೌಸ್‌ಫುಲ್ ಬೋರ್ಡ್ ಬಿದ್ದರೆ ಬ್ಲ್ಯಾಕ್ ಟಿಕೆಟಿನವನೇ ಗತಿ. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಸಿನಿಮಾ ನೋಡಿದ ತಲೆಮಾರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾರೆಯ ಮುಖ ನೋಡಲು ಜನ ಎಷ್ಟು ಕೊಡುತ್ತಾರೆ ಅನ್ನುವುದು ಮುನ್ನಾಗೆ ಬಾಯಿಪಾಠ. ತಾರೆಯ ಬೆಲೆ ಇಷ್ಟು ಚೆನ್ನಾಗಿ ಗೊತ್ತಿರುವವನಿಗೆ, ಮನೆಪಕ್ಕದ ಹುಡುಗಿ ತಾರೆ ಅಂತ ಗೊತ್ತಾಗುವುದು ಎಲ್ಲರಿಗಿಂತ ತಡವಾಗಿ. ಗೊತ್ತಾದ ಕೂಡಲೇ ತನ್ನ ಕೈಗೆ ಎಟುಕುವವಳಲ್ಲ ಅಂತ ಅವನೇ ತೀರ್ಮಾನಿಸಿಬಿಡುತ್ತಾನೆ.

ರಾಜ್ ಕಮಲ್: ನೋಡುವುದೇ ಕಸುಬಾದವನು

ತಾರೆಯ ಕಥೆಗಳಲ್ಲಿ ಒಂದು ಹಳೇ ಅಚ್ಚು ಇದೆ. ಒಬ್ಬರು ಏರುತ್ತಾರೆ, ಏರಿಸಿದವರು ಇಳಿಯುತ್ತಾರೆ. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಹೀಗೆ. ಹೃಷಿಕೇಶ್ ಮುಖರ್ಜಿ ಅವರ ‘ಅಭಿಮಾನ್’ನಲ್ಲಿ (1973) ಹೆಂಡತಿಯ ಹಾಡು ಗಂಡನ ಹೆಸರನ್ನು ಮೀರಿಸುತ್ತದೆ, ಮನೆ ಒಡೆಯುತ್ತದೆ. ‘ಆಶಿಕಿ 2’ (2013) ಕೂಡ ಅದೇ ದಾರಿ. ‘ರಂಗೀಲಾ’ದಲ್ಲಿ ಯಾರೂ ಇಳಿಯುವುದಿಲ್ಲ. ರಾಜ್ ಕಮಲ್ ಕೊನೆಗೂ ದೊಡ್ಡ ನಟನೇ. ಅವನಿಗೆ ಕುಡಿತವಿಲ್ಲ, ಹೊಟ್ಟೆಕಿಚ್ಚಿಲ್ಲ, ಸೇಡಿಲ್ಲ. ಜಾಕಿ ಶ್ರಾಫ್ ಇದನ್ನು ದನಿ ಏರಿಸದೆ ಮಾಡಿದ್ದಾರೆ. ಪೋಷಕ ನಟ ಪ್ರಶಸ್ತಿ ನ್ಯಾಯವಾಗಿಯೇ ಬಂತು. ಮಿಲಿಯ ಪ್ರತಿಭೆ ಮೊದಲು ಕಂಡವನು ಅವನು, ಅವಳ ಪ್ರೀತಿ ತನ್ನ ಕಡೆ ಇಲ್ಲ ಅಂತ ಕಂಡುಕೊಂಡು ಸರಿಯುವವನೂ ಅವನೇ. ಕಣ್ಣು ಚುರುಕಾಗಿರುವುದರಿಂದ ಗೆಲುವೂ ಅವನದು, ಸೋಲೂ ಅವನದು.

ಸಿನಿಮಾದೊಳಗಿನ ನಿರ್ದೇಶಕ ಸ್ಟೀವನ್ ಕಪೂರ್ (ಗುಲ್ಶನ್ ಗ್ರೋವರ್) ಬರೀ ತಮಾಷೆಗೆ. ಹಾಲಿವುಡ್ ಗುಂಗಿನಲ್ಲಿರುವ ನಿರ್ದೇಶಕರ ಗೇಲಿ ಅಂತ ಒಂದು ಸಾಲು ಬರೆದರೆ ಆಯಿತು.

ಎಲ್ಲಿ ತಕರಾರು ಎತ್ತಬಹುದು

ಹೊಗಳಿಕೆಯ ಉತ್ತರ ಎಲ್ಲರೂ ಬರೆಯುತ್ತಾರೆ. ನನಗೆ ಎರಡು ತಕರಾರುಗಳಿವೆ.

ಒಂದು, ಮಿಲಿಯ ದುಡಿಮೆ ಕಾಣುವುದೇ ಕಡಿಮೆ. ಚಿತ್ರರಂಗದ ಬಾಗಿಲಲ್ಲಿ ಕಾಯುವುದು, ತಿರಸ್ಕಾರ, ಮೋಸ ಇದ್ಯಾವುದೂ ಅವಳನ್ನು ಹೆಚ್ಚು ತಟ್ಟುವುದಿಲ್ಲ. ಒಬ್ಬ ಒಳ್ಳೆಯ ದೊಡ್ಡ ಮನುಷ್ಯನ ಕಣ್ಣಿಗೆ ಬಿದ್ದರೆ ಸಾಕು, ಬಾಗಿಲು ತೆರೆಯುತ್ತದೆ. ಕನಸಿನ ಸಿನಿಮಾ ಅಂತ ಒಪ್ಪಬಹುದು. ಆದರೆ ‘ಸಾಧನೆಯ ಕಥೆ’ ಅಂತ ಬರೆದರೆ ನಾನು ಒಪ್ಪುವುದಿಲ್ಲ. ಇದು ಕಣ್ಣಿಗೆ ಬೀಳುವ ಕಥೆ, ಗೆದ್ದುಕೊಳ್ಳುವ ಕಥೆಯಲ್ಲ.

ಇನ್ನೊಂದು ಅದಕ್ಕಿಂತ ದೊಡ್ಡದು. ಮುನ್ನಾ ಹೇಳಿಕೊಳ್ಳಲಾಗದೆ ಒದ್ದಾಡುತ್ತಾನೆ. ‘ಕ್ಯಾ ಕರೇ ಕ್ಯಾ ನ ಕರೇ’ ಪೂರ್ತಿ ಆ ಒದ್ದಾಟವೇ, ಹಾಡುವುದೂ ಗಂಡುದನಿ ಒಂದೇ. ಆಮೇಲೆ ಅವಳಿಗೆ ಒಳ್ಳೆಯದಾಗಲಿ ಅಂತ ಪತ್ರ ಬರೆದಿಟ್ಟು ಹೊರಟೂಬಿಡುತ್ತಾನೆ. ಸರಿಯಪ್ಪಾ, ಅವಳಿಗೆ ಏನು ಬೇಕು ಅಂತ ಒಂದು ಮಾತು ಕೇಳಬಾರದಾ? ಕ್ಯಾಮೆರಾ ಮಿಲಿಯ ಮೈಯ ಒಂದೊಂದು ತಿರುವನ್ನೂ ನೋಡುತ್ತದೆ, ಇಬ್ಬರು ಗಂಡಸರೂ ಅವಳನ್ನೇ ನೋಡುತ್ತಾರೆ, ಆದರೆ ಅವಳ ನಿರ್ಧಾರಕ್ಕೆ ಬಹುಹೊತ್ತು ಜಾಗವೇ ಇಲ್ಲ. ಕೊನೆಯಲ್ಲಿ ಅವಳು ಮುನ್ನಾನನ್ನು ಹುಡುಕಿಕೊಂಡು ಹೋದಾಗ ಮಾತ್ರ ಆ ಜಾಗ ಸಿಗುತ್ತದೆ. ಅಷ್ಟು ಹೊತ್ತೂ ಇನ್ನೊಬ್ಬರ ನೋಟಕ್ಕೆ ಸಿಕ್ಕವಳು ಆಗ ತಾನೇ ಒಬ್ಬನನ್ನು ಹುಡುಕಿ ನೋಡುತ್ತಾಳೆ.

ಉತ್ತರ ಬರೆಯುವಾಗ

ಹತ್ತು ಅಂಕದ ಪ್ರಶ್ನೆಯಾದರೆ ಒಂದೇ ಹಾಡು ಹಿಡಿಯಿರಿ, ‘ರಂಗೀಲಾ ರೇ’ ಸಾಕಾಗುತ್ತದೆ. ಕ್ಯಾಮೆರಾ ಯಾರನ್ನು ಮುಂದಿಟ್ಟಿದೆ, ಯಾರನ್ನು ಹಿಂದಿಟ್ಟಿದೆ ಅನ್ನುವುದನ್ನು ಶಾಟ್ ಶಾಟ್ ಬಿಡಿಸಿ ಬರೆಯಿರಿ. ಪ್ರಶಸ್ತಿಗಳ ಪಟ್ಟಿಗೆ ಒಂದು ಸಾಲಿಗಿಂತ ಜಾಸ್ತಿ ಕೊಡಬೇಡಿ. ಹೋಲಿಕೆ ಕೇಳಿದರೆ ‘ಅಭಿಮಾನ್’ ಆರಿಸಿಕೊಳ್ಳಿ. ಎಸ್.ಡಿ. ಬರ್ಮನ್ ಸಂಗೀತ, ಅಲ್ಲೂ ಹಾಡೇ ಕಥೆಯ ಬೆನ್ನೆಲುಬು. ಆದರೆ ಅಲ್ಲಿ ಜನ ಕೇಳುವುದರಿಂದ ಸಂಕಟ ಹುಟ್ಟುತ್ತದೆ, ಇಲ್ಲಿ ನೋಡುವುದರಿಂದ. ಈ ಒಂದು ವ್ಯತ್ಯಾಸದ ಮೇಲೆಯೇ ಎರಡು ಪುಟ ಬರೆಯಬಹುದು.