ಬೆನ್ನೆಲುಬಿಲ್ಲದ ನಕ್ಷೆಯಲ್ಲಿ ಬೇಲೂರಿನ ತ್ರಿಭಂಗಿ

ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ಕನ್ನಡಿ ಹಿಡಿದವಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕತ್ತು ಒಂದು ಕಡೆ ವಾಲಿದರೆ ಸೊಂಟ ಇನ್ನೊಂದು ಕಡೆ ತಿರುಗಿದೆ. ಮೈ ಮೂರೆಡೆ ಬಾಗುವ ಇದೇ ತ್ರಿಭಂಗಿಯಲ್ಲಿ ನಿಂತವರನ್ನು ಪರದೆಯ ಮೇಲೆ ಗೆರೆಗಳಾಗಿ ಮೂಡಿಸುವ ಕಲಾಕೃತಿಯನ್ನು ಹಾಸನದ ಯಾವ ಸಭಾಂಗಣದಲ್ಲಾದರೂ ಒಂದು ಲ್ಯಾಪ್‌ಟಾಪ್, ಒಂದು ವೆಬ್‌ಕ್ಯಾಮ್ ಇಟ್ಟುಕೊಂಡು ಮಾಡಬಹುದು. ತೊಡಕಿರುವುದು ಯಂತ್ರ ದೇಹ ಎಂದು ಯಾವುದನ್ನು ಎಣಿಸುತ್ತದೆ ಎಂಬುದರಲ್ಲಿ.

ಇದು ಹಳೆಯ ತೊಡಕು. 1882ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್-ಜೂಲ್ ಮಾರೆ ಸೆಕೆಂಡಿಗೆ 12 ಚಿತ್ರ ತೆಗೆಯುವ ಬಂದೂಕಿನಾಕಾರದ ಕ್ಯಾಮೆರಾ ಮಾಡಿದರು. ಮುಂದೆ ಓಡುವವನಿಗೆ ಮೈತುಂಬ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನುದ್ದಕ್ಕೂ ಬಿಳಿ ಪಟ್ಟಿ ಹಚ್ಚಿದರು. ಚಿತ್ರದಲ್ಲಿ ಮನುಷ್ಯ ಮಾಯವಾಗಿ ಪಟ್ಟಿಗಳಷ್ಟೇ ಉಳಿದವು. ದೇಹದ ಚಲನೆಯನ್ನು ಬಿಂದುಗಳಾಗಿ ದಾಖಲಿಸುವ ಇಂದಿನ ಮೋಷನ್ ಕ್ಯಾಪ್ಚರ್‌ನ ಬೇರು ಇಲ್ಲಿದೆ. 1970ರ ದಶಕದಲ್ಲಿ ಅಮೆರಿಕದ ಕಲಾವಿದ ಮೈರನ್ ಕ್ರೂಗರ್ ವಿಡಿಯೋಪ್ಲೇಸ್ ಎಂಬ ಕಲಾಕೃತಿಯಲ್ಲಿ ನೋಡುಗರ ನೆರಳಿನಾಕೃತಿಯನ್ನೇ ಆಟದ ಸಾಮಗ್ರಿ ಮಾಡಿದರು. 1980ರ ಹೊತ್ತಿಗೆ ಆಸ್ಟ್ರೇಲಿಯಾದ ಕಲಾವಿದ ಸ್ಟೆಲಾರ್ಕ್ ಹೊಟ್ಟೆ ಮತ್ತು ಕಾಲಿನ ಸ್ನಾಯುಗಳ ವಿದ್ಯುತ್ ಸಂಕೇತದಿಂದ ಆಡುವ ಮೂರನೇ ಕೈಯನ್ನು ತಮಗೆ ಜೋಡಿಸಿಕೊಂಡರು. 2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಆಟದ ಕ್ಯಾಮೆರಾ ಕಿನೆಕ್ಟ್ ಈ ಕಲೆಯನ್ನು ಅಗ್ಗವಾಗಿಸಿತು: ಅತಿಗೆಂಪು ಚುಕ್ಕೆಗಳನ್ನು ಚೆಲ್ಲಿ ದೂರ ಅಳೆಯುತ್ತಿತ್ತು, ದೇಹದ 20 ಕೀಲು ಗುರುತಿಸುತ್ತಿತ್ತು. ಬಿಸಿಲಿನಲ್ಲೂ ಅತಿಗೆಂಪು ಇರುವುದರಿಂದ ಬಯಲಿನಲ್ಲಿ ಚುಕ್ಕೆಗಳು ಕಾಣದೆ ಕುರುಡಾಗುತ್ತಿತ್ತು.

ಈಗ ದೇಹದ ಭಂಗಿ ಗುರುತಿಸುವ ಗೂಗಲ್‌ನ ತಂತ್ರಾಂಶ ಮೀಡಿಯಾಪೈಪ್‌ಗೆ ಸಾದಾ ಕ್ಯಾಮೆರಾ ಸಾಕು. ಅದು ಕೊಡುವುದು ದೇಹದ ಮೇಲಿನ 33 ಬಿಂದು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅವುಗಳಲ್ಲಿ 11 ಮುಖಕ್ಕೇ ಹೋಗುತ್ತವೆ, ಭುಜಕ್ಕೂ ಸೊಂಟಕ್ಕೂ ನಡುವೆ ಒಂದೂ ಇಲ್ಲ. ತ್ರಿಭಂಗಿಯ ಜೀವವಿರುವ ಬೆನ್ನೆಲುಬೇ ನಕ್ಷೆಯಲ್ಲಿಲ್ಲ!

ಹಾಗಾಗಿ ಬಾಗನ್ನು ಸುತ್ತಿ ಬಳಸಿ ಹಿಡಿಯಬೇಕು. ಕಿವಿಗಳು (7, 8), ಭುಜಗಳು (11, 12), ಸೊಂಟ (23, 24): ಈ ಮೂರು ಜೋಡಿಗಳಲ್ಲಿ ಪ್ರತಿಯೊಂದರ ಎರಡು ಬಿಂದುಗಳನ್ನು ಗೆರೆಯಿಂದ ಸೇರಿಸಿ, ಗೆರೆಗಳ ಓರೆಯ ವ್ಯತ್ಯಾಸ ಅಳೆಯಿರಿ. ನೆಟ್ಟಗೆ ನಿಂತಾಗ ವ್ಯತ್ಯಾಸ ಸೊನ್ನೆಯ ಆಸುಪಾಸು. ಭುಜದ ಗೆರೆ ಒಂದು ಕಡೆಗೂ ಸೊಂಟದ ಗೆರೆ ಎದುರು ಕಡೆಗೂ ಇಳಿದರೆ ಭಂಗಿ ಕೂಡಿತು. ಕ್ಯಾಮೆರಾ ಪಕ್ಕಕ್ಕೆ ತುಸು ವಾಲಿದ್ದರೂ ಮೂರೂ ಗೆರೆ ಅಷ್ಟೇ ವಾಲುವುದರಿಂದ ವ್ಯತ್ಯಾಸ ಕೆಡದು. ನಿಂತವರು ಪಕ್ಕಕ್ಕೆ ತಿರುಗಿದರೆ ಮಾತ್ರ ಗೆರೆ ಮೋಟಾಗಿ, ಸಣ್ಣ ತಪ್ಪೂ ದೊಡ್ಡ ಕೋನವಾಗುತ್ತದೆ.

ಹೆಚ್ಚು ಕಾಡುವುದು ಸೀರೆ. ನೆರಿಗೆಯ ಹಿಂದಿನ ಸೊಂಟ, ಮಂಡಿಗಳನ್ನು ಯಂತ್ರ ಊಹಿಸುತ್ತದೆ, ಬಿಂದುಗಳು ನಡುಗುತ್ತವೆ. ಕಚ್ಚೆ ಹಾಕಿ ಉಟ್ಟರೆ ಕಾಲುಗಳು ಬೇರೆಬೇರೆಯಾಗಿ ಕಾಣುತ್ತವೆ. ಪ್ರತಿ ಬಿಂದುವಿನ ಜೊತೆ 0ಯಿಂದ 1ರವರೆಗೆ ಗೋಚರತೆಯ ಅಂಕ ಬರುತ್ತದೆ, 0.5ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಹಿಂದಿನ 6 ಫ್ರೇಮ್‌ಗಳ ಸರಾಸರಿ ಹಿಡಿದರೆ ನಡುಕ ಇಳಿಯುತ್ತದೆ. ಫ್ರೇಮ್‌ಗಳು 10 ದಾಟಿದರೆ ಪರದೆಯ ಆಕೃತಿ ಹಿಂದೆ ಬೀಳುವುದು ಕಣ್ಣಿಗೆ ರಾಚುತ್ತದೆ. ನಿಂತವರ ಬೆನ್ನಹಿಂದೆ ಕಿಟಕಿ ಬೇಡ, ಆ ಬೆಳಕಿಗೆ ಮೈ ಕಪ್ಪಾಗಿ ಕಾಣುತ್ತದೆ.

ಭುಜದಿಂದ ಸೊಂಟಕ್ಕೆ ಪರದೆಯಲ್ಲಿ ಬಾಗಿದ ಗೆರೆ ಎಳೆದರೆ ಅದು ಕಲಾವಿದರ ಊಹೆ, ಕ್ಯಾಮೆರಾ ಕಂಡದ್ದಲ್ಲ. ಅಲ್ಲಿಗೆ ಚುಕ್ಕೆಗೆರೆ ಹಾಕಿ, ಉಳಿದದ್ದಕ್ಕೆ ತುಂಬುಗೆರೆ.