ಬಾಗುವ ಇಎಂಐ ಕವಚ: ಶೀಟ್ ರೆಸಿಸ್ಟೆನ್ಸ್‌ನಿಂದ ಡೆಸಿಬೆಲ್‌ವರೆಗೆ

ಇಎಂಐ ಎಂದರೆ ಒಂದು ಸಾಧನದ ವಿದ್ಯುತ್ಕಾಂತೀಯ ಅಲೆಗಳು ಇನ್ನೊಂದಕ್ಕೆ ಕೊಡುವ ಅಡಚಣೆ. ಅದನ್ನು ತಡೆಯುವ ತೆಳು ವಾಹಕ ಹಾಳೆಯೇ ಈ ಕವಚ. ಬೆಳ್ಳಿಯ ನ್ಯಾನೋತಂತಿ, ಕಾರ್ಬನ್ ನ್ಯಾನೋಟ್ಯೂಬ್, ಗ್ರಾಫೀನ್, ಮ್ಯಾಕ್ಸೀನ್ (ಲೋಹದ ಕಾರ್ಬೈಡ್‌ನಂಥವುಗಳ ಅತಿ ತೆಳು ಪದರಗಳು): ವಸ್ತು ಯಾವುದೇ ಇರಲಿ, ಮೊದಲು ಫೋರ್-ಪ್ರೋಬ್‌ನಿಂದ (ನಾಲ್ಕು ಮೊನೆಗಳ ಅಳತೆ ಸಾಧನ) ಶೀಟ್ ರೆಸಿಸ್ಟೆನ್ಸ್, ಅಂದರೆ ಹಾಳೆಯ ಒಂದು ಚೌಕದ ವಿದ್ಯುತ್ ರೋಧ, ಅಳೆಯಿರಿ. ಪದರದ ದಪ್ಪ ಸ್ಕಿನ್ ಡೆಪ್ತ್‌ಗಿಂತ (ವಾಹಕದೊಳಗೆ ಅಲೆಯ ಬಲ ಸುಮಾರು ಶೇ. 37ಕ್ಕೆ ಇಳಿಯುವ ಆಳ) ಬಹಳ ಕಡಿಮೆ ಇದ್ದರೆ ಅಂದಾಜಿಗೆ ಈ ಸೂತ್ರ ಸಾಕು:

ತಡೆ (ಡೆಸಿಬೆಲ್) = 20 × ಲಾಗ್ (1 + 188.5 ÷ ಆರ್)

ಲಾಗ್ ಎಂದರೆ 10ರ ಆಧಾರದ ಲಾಗರಿದಮ್, ಆರ್ ಎಂದರೆ ಪ್ರತಿ ಚೌಕಕ್ಕೆ ಎಷ್ಟು ಓಮ್ ಎಂಬುದು. 188.5 ಎಂಬುದು ನಿರ್ವಾತದ 377 ಓಮ್ ಇಂಪೀಡೆನ್ಸ್‌ನ ಅರ್ಧ. ಆರ್ 10 ಓಮ್ ಇದ್ದರೆ ಸುಮಾರು 26 ಡೆಸಿಬೆಲ್, 1 ಓಮ್ ಇದ್ದರೆ 45.5. 20 ಡೆಸಿಬೆಲ್ ಅಂದರೆ ಶೇ. 1ರಷ್ಟು ಶಕ್ತಿ ದಾಟುತ್ತದೆ, 30 ಅಂದರೆ ಶೇ. 0.1. ಸೂತ್ರದಲ್ಲಿ ಆವರ್ತನವೇ ಇಲ್ಲ, ಗಮನಿಸಿ.

ಪದರ ದಪ್ಪವಾದಂತೆ ಆವರ್ತನ ಲೆಕ್ಕಕ್ಕೆ ಬರುತ್ತದೆ. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿಯಾದ ಟೈಟಾನಿಯಂ ಕಾರ್ಬೈಡ್ ಮ್ಯಾಕ್ಸೀನ್ ಹಾಳೆ 45 ಮೈಕ್ರೋಮೀಟರ್ ದಪ್ಪದಲ್ಲಿ 92 ಡೆಸಿಬೆಲ್ ತಡೆದಿತ್ತು. ಅದರ ವಾಹಕತೆ ಸೆಂಟಿಮೀಟರಿಗೆ ಸುಮಾರು 4600 ಸೀಮೆನ್ಸ್. 10 ಗಿಗಾಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ 7.4 ಮೈಕ್ರೋಮೀಟರ್ ಬರುತ್ತದೆ. ಒಂದೊಂದು ಸ್ಕಿನ್ ಡೆಪ್ತ್‌ಗೆ 8.7 ಡೆಸಿಬೆಲ್‌ನಂತೆ, ಒಳಗಿನ ಕ್ಷಯದಿಂದಲೇ 50ಕ್ಕೂ ಹೆಚ್ಚು. ಉಳಿದದ್ದು ಮೇಲ್ಮೈ ಪ್ರತಿಫಲನದ ಪಾಲು.

ಇಲ್ಲೇ ಅನೇಕರು ಎಡವುವುದು. ನೆಟ್‌ವರ್ಕ್ ಅನಲೈಸರ್ (ಹಾಳೆಗೆ ಅಲೆ ಕಳಿಸಿ ಅಳೆಯುವ ಉಪಕರಣ) ಎಸ್11, ಎಸ್21 ಎಂಬ ಎರಡು ಅನುಪಾತ ಕೊಡುತ್ತದೆ: ಹಿಂದಿರುಗಿದ ಅಲೆಯದು ಮತ್ತು ದಾಟಿದ ಅಲೆಯದು. ಅವುಗಳ ಪ್ರಮಾಣವನ್ನು ವರ್ಗ ಮಾಡಿದರೆ (ಅದರಿಂದಲೇ ಗುಣಿಸಿದರೆ) ಪ್ರತಿಫಲಿತ ಮತ್ತು ದಾಟಿದ ಶಕ್ತಿಯ ಪಾಲು ಸಿಗುತ್ತದೆ. ಪ್ರತಿಫಲನ 0.95, ದಾಟಿದ್ದು 0.00005 ಎಂದುಕೊಳ್ಳಿ. ಒಟ್ಟು ತಡೆ 43 ಡೆಸಿಬೆಲ್. ಒಳಹೊಕ್ಕಿದ್ದು 0.05 ಮಾತ್ರವಾದ್ದರಿಂದ ಅದರಲ್ಲಿ ಪ್ರತಿಫಲನದ ಲೆಕ್ಕ 13; ಆ 0.05ರಲ್ಲಿ ಸಾವಿರಕ್ಕೊಂದು ಪಾಲು ಮಾತ್ರ ದಾಟಿದ್ದರಿಂದ ಹೀರಿಕೆಯ ಲೆಕ್ಕ 30. ಇಷ್ಟು ನೋಡಿ 'ಇದು ಹೀರುವ ಕವಚ' ಎಂದು ಬರೆದುಬಿಡುತ್ತಾರೆ. ವಾಸ್ತವವಾಗಿ ಶೇ. 95ರಷ್ಟು ಶಕ್ತಿ ಹಿಂದಕ್ಕೇ ಹೋಗಿದೆ, ಪಕ್ಕದ ಸರ್ಕ್ಯೂಟ್‌ಗೆ ತೊಂದರೆ ಕೊಡಲು. ಹೀರಿಕೆಯ ಡೆಸಿಬೆಲ್ ಹೇಳುವುದು ಒಳಹೊಕ್ಕ ಶೇ. 5ರ ಗತಿಯನ್ನು ಮಾತ್ರ.

ಹಾಳೆ ಮಾಡುವುದು ನಿರ್ವಾತ ಶೋಧನೆಯಿಂದ: ದ್ರಾವಣದ ನೀರನ್ನು ಶೋಧಕದ ಮೂಲಕ ಎಳೆದು, ಕಣಗಳನ್ನು ಮೇಲೆ ಹಾಳೆಯಾಗಿ ಉಳಿಸಿಕೊಳ್ಳುವುದು. ಮ್ಯಾಕ್ಸೀನ್ ಹಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.4 ಗ್ರಾಂ. ಶೋಧಕದ ಬಳಕೆಯಾಗುವ ವ್ಯಾಸ 4 ಸೆಂಟಿಮೀಟರ್ ಇದ್ದರೆ 10 ಮೈಕ್ರೋಮೀಟರ್ ಹಾಳೆಗೆ 30 ಮಿಲಿಗ್ರಾಂ, ಅಂದರೆ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ದ್ರಾವಣ 6 ಮಿಲಿಲೀಟರ್ ಬೇಕು. ದ್ರಾವಣ ಹಳತಾದರೆ ಆಕ್ಸಿಡೀಕರಣಗೊಂಡು ಟೈಟಾನಿಯಂ ಡೈಆಕ್ಸೈಡ್ ಆಗುತ್ತದೆ. ಕಪ್ಪು ಬಣ್ಣ ಬಿಳಿಚಿಕೊಳ್ಳುವುದೇ ಗುರುತು. ಆರ್ಗಾನ್ ತುಂಬಿ ತಂಪಿನಲ್ಲಿಡಿ. ಮ್ಯಾಕ್ಸೀನನ್ನು ಲಿಥಿಯಂ ಫ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ನೀವೇ ತಯಾರಿಸುವುದಾದರೆ ಅಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ ಎಂಬುದು ನೆನಪಿರಲಿ: ಗಾಜಿನ ಪಾತ್ರೆ ಬೇಡ, ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಪೆಟ್ಟಿಗೆ) ಮತ್ತು ಆ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಇಲ್ಲದೆ ಕೈ ಹಾಕಬೇಡಿ.

ಬಾಗಿದಾಗ ಏನಾಗುತ್ತದೆ? ಹೊರಮೈಯ ಹಿಗ್ಗುವಿಕೆ = ಒಟ್ಟು ದಪ್ಪ ÷ (2 × ಬಾಗಿನ ತ್ರಿಜ್ಯ). 100 ಮೈಕ್ರೋಮೀಟರ್ ಹಾಳೆ 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿದರೆ ಶೇ. 1. ಮತ್ತೆ ಮತ್ತೆ ಬಾಗಿದಾಗ ನ್ಯಾನೋತಂತಿಗಳು ಒಂದಕ್ಕೊಂದು ತಾಗುವ ಜಾಗಗಳೇ ಮೊದಲು ಬಿಡುತ್ತವೆ. ಆರ್ 1ರಿಂದ 10 ಓಮ್‌ಗೆ ಏರಿದರೆ ಸುಮಾರು 20 ಡೆಸಿಬೆಲ್ ಹೋಯಿತೆಂದೇ ಲೆಕ್ಕ. ವಾಹಕ ಪದರದ ಎರಡೂ ಬದಿಗೆ ಒಂದೇ ದಪ್ಪದ, ಒಂದೇ ಪಾಲಿಮರ್ ಹೊದಿಸಿದರೆ ಅದು ನಡುವಿನ ಒತ್ತಡರಹಿತ ತಲದಲ್ಲಿ ಕೂರುತ್ತದೆ.

ಆದರೆ ಆ ಹೊದಿಕೆಯೇ ಅಂಚಿನಲ್ಲಿ ಕೈಕೊಡುತ್ತದೆ. ಎರಡು ಹಾಳೆ ಒಂದರ ಮೇಲೊಂದು ಬಂದರೂ ನಡುವೆ ಪಾಲಿಮರ್ ಇದ್ದರೆ ವಿದ್ಯುತ್ತಿನ ಪಾಲಿಗೆ ಅದು ಸೀಳು. ಸೀಳಿನ ಉದ್ದ ಅರ್ಧ ತರಂಗಾಂತರ ಮುಟ್ಟಿದರೆ ಕವಚ ಇದ್ದೂ ಇಲ್ಲದಂತೆ. ಅದಕ್ಕಿಂತ ಚಿಕ್ಕದಿದ್ದರೆ ತಡೆ ಸುಮಾರು 20 × ಲಾಗ್ (ತರಂಗಾಂತರ ÷ ಸೀಳಿನ ಉದ್ದದ ಎರಡರಷ್ಟು). 10 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 30 ಮಿಲಿಮೀಟರ್. 3 ಮಿಲಿಮೀಟರ್ ಸೀಳು ಸಿಕ್ಕರೆ ಬರೀ 14 ಡೆಸಿಬೆಲ್. ಹಾಳೆ 92 ಇದ್ದರೂ ಅಷ್ಟೇ. ಹೊದಿಸುವಾಗ ಅಂಚನ್ನು ಬರಿದಾಗಿ ಬಿಟ್ಟು, ವಾಹಕ ಅಂಟಿನ ಟೇಪ್‌ನಿಂದ ಉದ್ದಕ್ಕೂ ಬಿಡುವಿಲ್ಲದೆ ಜೋಡಿಸಿ. ಜೋಡಣೆಯ ಎರಡೂ ಬದಿಗೆ ಪ್ರೋಬ್ ಇಟ್ಟು ರೋಧ ಅಳೆಯಿರಿ, ಬಾಗಿಸಿದ ಮೇಲೆ ಇನ್ನೊಮ್ಮೆ.